ನದಿಯ ಜಾಡು ಹಿಡಿದು ಐನು ನಾಡಿಗೆ

ಸ್ನೇಹಿತರೇ,

ಜಪಾನಿನ ಉತ್ತರ ತುದಿಯ ದ್ವೀಪಕ್ಕೆ ಹೊಕ್ಕೈಡೊ ಎಂಬ ಹೆಸರು ಬಂದದ್ದು 1869ರಲ್ಲಿ. ಅಲ್ಲಿಯವರೆಗೆ ಜಪಾನೀಯರ ಬಾಯಲ್ಲಿ ಅದು ಎಜೊ. ಜಪಾನಿನ ಆಗಿನ ಮೇಜಿ ಸರ್ಕಾರ ಆ ನೆಲವನ್ನು ಒಡೆಯರಿಲ್ಲದ ಬೀಳು ಎಂದು ಬಗೆದು ದಕ್ಷಿಣದಿಂದ ಬಂದ ವಲಸೆಗಾರರಿಗೆ ಹಂಚತೊಡಗಿತು. ಅದು ಬೀಳಲ್ಲ ಎಂಬುದಕ್ಕೆ ಸಾಕ್ಷಿ ಹತ್ತು ವರ್ಷ ಮೊದಲೇ ಅಚ್ಚಾಗಿತ್ತು. ಮಾತ್ಸೂರಾ ತಾಕೆಶಿರೊ ಎಂಬ ಅಲೆಮಾರಿ ಶೋಧಕ 1845ರಿಂದ 1858ರವರೆಗೆ ಆರು ಬಾರಿ ಎಜೊಗೆ ಹೋಗಿ ಬಂದು ತಯಾರಿಸಿದ ನಕ್ಷೆ ಅದು. ಅದರಲ್ಲಿ ಆ ದ್ವೀಪದ ಮೂಲನಿವಾಸಿಗಳಾದ ಐನುಗಳ ಭಾಷೆಯ ಸುಮಾರು 9,800 ಸ್ಥಳನಾಮಗಳಿವೆ. ಸಣ್ಣಪುಟ್ಟ ಹಳ್ಳಗಳಿಗೂ ಹೆಸರು! ಹೆಸರು ಹೇಳಿಕೊಟ್ಟವರು, ದಾರಿ ತೋರಿಸಿದವರು, ದೋಣಿ ನಡೆಸಿದವರು ಐನುಗಳೇ. ಐನುಗಳನ್ನು ಸುಲಿಯುತ್ತಿದ್ದ ವ್ಯಾಪಾರಿಗಳ ಮೇಲೆ ಸಿಟ್ಟಾಗಿದ್ದ ಮಾತ್ಸೂರಾ 1870ರಲ್ಲಿ ಸರ್ಕಾರಿ ಹುದ್ದೆ ಬಿಟ್ಟ. ನಕ್ಷೆ ಮಾತ್ರ ಸರ್ಕಾರದ ಬಳಿ ಉಳಿಯಿತು.

ಆ ಹೆಸರುಗಳಲ್ಲಿ ಬಹುಪಾಲು ನದಿಗೆ ಅಂಟಿಕೊಂಡಿರುವುದು ಆಕಸ್ಮಿಕವಲ್ಲ. ಐನುಗಳ ಊರಿಗೆ ಕೊತಾನ್ ಎನ್ನುತ್ತಾರೆ. ಒಂದೆರಡು ಮನೆಗಳಿದ್ದರೂ ಅದು ಕೊತಾನ್. ಹತ್ತಾರು ಮನೆಗಳಿದ್ದರೆ ದೊಡ್ಡ ಊರು. 20ನೇ ಶತಮಾನದ ಮಧ್ಯದಲ್ಲಿ ಹಿರಿಯರನ್ನು ಕೂರಿಸಿಕೊಂಡು ಕೇಳಿ ಬರೆದುಕೊಂಡ ಮಾನವಶಾಸ್ತ್ರಜ್ಞ ವತಾನಾಬೆ ಹಿತೋಶಿ, ಕೊತಾನ್‌ಗಳು ಸಾಲ್ಮನ್ ಮೀನು ಮೊಟ್ಟೆಯಿಡುವ ಜಾಗಗಳ ಹತ್ತಿರವೇ ಇದ್ದುದನ್ನು ತೋರಿಸಿದರು. ಮೀನು ಎಲ್ಲೆಂದರಲ್ಲಿ ಮೊಟ್ಟೆಯಿಡುವುದಿಲ್ಲ. ಜಲ್ಲಿಯ ತಳದಿಂದ ಒರತೆಯ ನೀರು ಉಕ್ಕುವ ಕಡೆ ಹುಡುಕುತ್ತದೆ, ಏಕೆಂದರೆ ಅಲ್ಲಿ ಚಳಿಗಾಲದಲ್ಲೂ ನೀರು ಹೆಪ್ಪುಗಟ್ಟದು. ಅಂದರೆ ಊರಿನ ಜಾಗವನ್ನು ಗೊತ್ತು ಮಾಡಿದ್ದು ನೆಲದಡಿಯ ನೀರು.

ಹಿಡಿಯುವ ಸಾಧನ ಮಾರೆಕ್. ಉದ್ದ ಕೋಲಿನ ತುದಿಗೆ ಕಬ್ಬಿಣದ ಕೊಕ್ಕೆ. ಚುಚ್ಚಿದೊಡನೆ ಕೊಕ್ಕೆ ತಿರುಗಿ ಬೀಳುತ್ತದೆ, ಮೀನು ಒದ್ದಾಡಿದಷ್ಟೂ ಬಿಗಿಯುತ್ತದೆ. ಮೊಟ್ಟೆಯಿಟ್ಟು ಸೊರಗಿದ ಮೀನು ನಮಗೆ ಕಳಪೆ ಎನ್ನಿಸಬಹುದು. ಚಳಿಗಾಲಕ್ಕೆ ಒಣಗಿಸಿಡಲು ಅದೇ ಮೇಲು: ಕೊಬ್ಬು ಕಡಿಮೆ, ಹಾಗಾಗಿ ಬೇಗ ಕೆಡದು.

ಒಂದು ಕಣಿವೆಯ ಬೇಟೆ, ಮೀನು, ಗೆಡ್ಡೆಗೆಣಸುಗಳ ವ್ಯಾಪ್ತಿಗೆ ಇವೊರ್ ಎಂದು ಹೆಸರು. ವತಾನಾಬೆ ಕಟ್ಟಿದ ಚಿತ್ರದಲ್ಲಿ ಊರು, ಕಣಿವೆ, ಬಂಧುಬಳಗ ಎಲ್ಲವೂ ಒಂದಕ್ಕೊಂದು ಅಚ್ಚುಕಟ್ಟಾಗಿ ಕೂರುತ್ತವೆ. ನನ್ನ ಮಟ್ಟಿಗೆ ತುಸು ಅತಿಯಾಗಿಯೇ ಅಚ್ಚುಕಟ್ಟು. ಭೂಗೋಳಶಾಸ್ತ್ರಜ್ಞ ಎಂಡೊ ಮಾಸಾತೋಶಿ 19ನೇ ಶತಮಾನದ ಮಧ್ಯದ ಮನೆವಾರು ಜನಗಣತಿ ದಾಖಲೆಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡಿದಾಗ ಕಂಡದ್ದೇ ಬೇರೆ. ಒಂದೇ ಮನೆಯಲ್ಲಿ ಇರುವವರು ಬದಲಾಗುತ್ತಿದ್ದರು. ಸಂಸಾರಗಳು ಕೊತಾನ್‌ನಿಂದ ಕೊತಾನ್‌ಗೆ ಸರಿಯುತ್ತಿದ್ದವು. ಆ ಹೊತ್ತಿಗಾಗಲೇ ಜಪಾನಿ ಗುತ್ತಿಗೆದಾರರು ತಮ್ಮ ಕರಾವಳಿ ಮೀನುಗಾರಿಕೆಯಲ್ಲಿ ಐನುಗಳನ್ನು ದುಡಿಮೆಗೆ ಹಚ್ಚಿದ್ದರು ಎಂಬುದನ್ನೂ ಇಲ್ಲಿ ಮರೆಯುವಂತಿಲ್ಲ. ಕೊತಾನ್ ಕದಲದ ಊರು ಎಂದು ನಂಬುವವರು ಈ ದಾಖಲೆಗಳಿಗೆ ಉತ್ತರ ಹೇಳಬೇಕಾಗುತ್ತದೆ.

ಹೀಗೆ ಓಡಾಡಿಕೊಂಡಿದ್ದ ಜನರನ್ನು 1899ರ ಕಾಯ್ದೆ ರೈತರನ್ನಾಗಿಸಲು ಹೊರಟಿತು. ಕುಟುಂಬಕ್ಕೆ ಹೆಚ್ಚೆಂದರೆ ಐದು ಹೆಕ್ಟೇರ್ ಜಮೀನು. 15 ವರ್ಷದೊಳಗೆ ಸಾಗುವಳಿ ಮಾಡದಿದ್ದರೆ ವಾಪಸ್. ನದಿಯ ಸಾಲ್ಮನ್ ಅಷ್ಟರಲ್ಲಿ ನಿಷೇಧದ ಪಟ್ಟಿಗೆ ಸೇರಿತ್ತು. ಈ ಕಾಯ್ದೆ ರದ್ದಾಗಲು 1997 ಬರಬೇಕಾಯಿತು.

ಅದೇ ವರ್ಷ ಹೊಕ್ಕೈಡೊದ ಸಾರು ಎಂಬ ನದಿಯ ನಿಬುತಾನಿ ಅಣೆಕಟ್ಟಿನ ಮೊಕದ್ದಮೆಯಲ್ಲಿ ಸಪ್ಪೊರೊ ನ್ಯಾಯಾಲಯ ಐನುಗಳನ್ನು ಮೂಲನಿವಾಸಿಗಳೆಂದು ಒಪ್ಪಿ, ಭೂಸ್ವಾಧೀನವನ್ನು ಕಾನೂನುಬಾಹಿರ ಎಂದಿತು. ಆದರೆ ಕಟ್ಟಿದ ಅಣೆಕಟ್ಟನ್ನು ಕೆಡವಲು ಹೇಳಲಿಲ್ಲ. ದೋಣಿಯನ್ನು ನೀರಿಗಿಳಿಸುವ ಚಿಪ್ಸಂಕೆ ಆಚರಣೆಯ ಜಾಗ ಮುಳುಗಿತು. 2019ರ ಕಾಯ್ದೆ ಅವರನ್ನು ಮೂಲನಿವಾಸಿಗಳೆಂದು ಹೆಸರಿಸಿತಾದರೂ ನೆಲ, ನೀರಿನ ಹಕ್ಕಿನ ಮಾತೆತ್ತಲಿಲ್ಲ. ಉರಾಹೊರೊ ಪಟ್ಟಣದ ಐನು ಸಂಘಟನೆಯೊಂದು ತಮ್ಮ ನದಿಯಲ್ಲಿ ಸಾಲ್ಮನ್ ಹಿಡಿಯುವ ಹಕ್ಕು ಕೋರಿ 2020ರಲ್ಲಿ ದಾವೆ ಹೂಡಿತು. 2024ರಲ್ಲಿ ಸಪ್ಪೊರೊ ನ್ಯಾಯಾಲಯ ಅದನ್ನು ವಜಾ ಮಾಡಿತು. ಸಂಪ್ರದಾಯದ ಆಚರಣೆಗೆಂದು ಸರ್ಕಾರದಿಂದ ವಿಶೇಷ ಅನುಮತಿ ಪಡೆದರೆ ಮಾತ್ರ ಐನುಗಳು ನದಿಯಲ್ಲಿ ಸಾಲ್ಮನ್ ಹಿಡಿಯಬಹುದು.