ಹೊಳ್ಳಿ ಬಂದಾಂವ ಒಬ್ಬನ

ಫಾದರ್ ಅವರಿಗೆ, ಸಿಸ್ಟರ್ ಅವರಿಗೆ, ಮತ್ತ ಪೂಜಿ ಮುಗಿದ ಮ್ಯಾಲೂ ಮನಿಗೆ ಓಡದ ಇಲ್ಲೇ ಹಾಲ್‌ನ್ಯಾಗ ಕುಂತಿರೋ ಅಕ್ಕಾರಿಗೆ ಅಣ್ಣಾರಿಗೆ ಎಲ್ಲಾರಿಗೂ ನಮಸ್ಕಾರ. ಚಹಾ ಆಮ್ಯಾಲ ಐತಿ ಅಂತ ಗೊತ್ತಾದ ಮ್ಯಾಲ ಕೂತೀರಿ ಅನ್ನೂದು ನನಗೂ ಗೊತ್ತೈತಿ, ಇರ್ಲಿ.

ನಾನೇನ್ ದೊಡ್ಡ ಪಂಡಿತ ಅಲ್ರಿ. ಸಾಲಿ ಮಾಸ್ತರಕಿ ಮಾಡಿ ರಿಟೈರ್ ಆದಾಂವ, ಈಗ ಭಾನುವಾರ ಕಾಣಿಕಿ ಚೀಲ ಹಿಡಕೊಂಡು ಸಾಲ ಸಾಲ ಅಡ್ಡಾಡೂದು ನನ್ನ ಡ್ಯೂಟಿ. ಫಾದರ್ ಅವ್ರು "ಸರ್, ಕೃತಜ್ಞತಾ ಮತ್ತ ಜವಾಬ್ದಾರಿ ಮ್ಯಾಲ ನಾಕು ಮಾತು ಹೇಳ್ರಿ" ಅಂದಾಗ ನನಗ ಮೊದಲ ನೆನಪಾಗಿದ್ದು ಬೈಬಲಿನ ಲೂಕನ ಶುಭಸಂದೇಶದ 17ನೇ ಅಧ್ಯಾಯ, ಆ ಹತ್ತು ಮಂದಿ ಕುಷ್ಠರೋಗಿಗಳ ಕಥಿ.

ನಿಮಗೆಲ್ಲಾ ಗೊತ್ತಿದ್ದದ್ದ. ಸಮಾರಿಯಾ ಮತ್ತ ಗಲಿಲೇಯದ ಗಡಿಯಾಗ ಒಂದ ಹಳ್ಳಿ, ಹತ್ತು ಮಂದಿ ದೂರ ನಿಂತು ಕೂಗ್ತಾರ, ಯೇಸುಸ್ವಾಮಿ ಹೋಗ್ರಿ, ಯಾಜಕರಿಗೆ ಮೈ ತೋರಿಸಿರಿ ಅಂತಾರ, ಹೋಗೋ ಹಾದಿಯಾಗ ಎಲ್ಲಾರಿಗೂ ಆರಾಮ ಆಗ್ತೈತಿ, ಹೊಳ್ಳಿ ಬಂದು ಕಾಲಿಗೆ ಬೀಳಾಂವ ಮಾತ್ರ ಒಬ್ಬನ, ಅಂವೂ ಹೊರಗಿನಾಂವ, ಸಮಾರಿಯಾದಾಂವ. ನಾವು ಸಣ್ಣಾವ್ರಿದ್ದಾಗ ಉಳಿದ ಒಂಬತ್ತು ಮಂದಿಗೆ ಕೃತಘ್ನರು ಅಂತ ಬೈದ ಕಲಿಸ್ತಿದ್ರು. ಆದ್ರ ವಯಸ್ಸಾದ ಮ್ಯಾಲ ನನಗ ಅನ್ನಸ್ತೈತಿ, ಆ ಒಂಬತ್ತು ಮಂದಿ ತಪ್ಪೇನೂ ಮಾಡಿಲ್ರಿ, ಅವರಿಗೆ ಏನ ಹೇಳಿದ್ರೋ ಅದನ್ನ ಮಾಡ್ಯಾರ. ಯಾಜಕರು ನೋಡಿ ಹೂಂ ಅಂದ್ರನ ಊರಾಗ ಬಿಟ್ಟಕೋತಿದ್ರು, ಅಂದ್ರ ಅದು ಒಂಥರಾ ಸರ್ಟಿಫಿಕೇಟ್. ಸರ್ಟಿಫಿಕೇಟ್ ತಗೊಂಡ್ರು, ಮನಿಗೆ ಹೋದ್ರು.

ಈಗ ನಮ್ಮ ಕಡೆ ನೋಡ್ಕೊಳ್ರಿ. ದೀಕ್ಷಾಸ್ನಾನದ ಸರ್ಟಿಫಿಕೇಟ್, ಮಗಳ ಮದುವಿಗೆ ಲೆಟರ್, ಸಾಲಿ ಅಡ್ಮಿಷನ್‌ಗೆ ಇನ್ನೊಂದ ಲೆಟರ್, ಆಫೀಸಿನ ಬಾಗಲಾ ಬಡಿಯೂದು ಇಷ್ಟಕ್ಕ. ಭಾನುವಾರ ಪೂಜಿಗೆ ಬಂದೇವಿ, ರೂಲ್ ಮುಗೀತು. ನಾವು ಆ ಒಂಬತ್ತು ಮಂದಿಯೊಳಗಿನವರು, ಕೆಟ್ಟವ್ರಲ್ಲ, ಬರೇ ಹೊಳ್ಳಿ ಬರಲಾರದಾವ್ರು.

ಇನ್ನೊಂದ ಮಾತು. ಹೊಳ್ಳಿ ಬಂದಾಂವಗ ಸ್ವಾಮಿ ಏನಂದ್ರು? ನನ್ನ ಹತ್ರನ ಇರು ಅನ್ಲಿಲ್ಲ. ಎದ್ದು ಹೋಗು ಅಂದ್ರು. ನನಗ ಇದು ಭಾಳ ಛಲೋ ಅನ್ನಸ್ತೈತಿ, ಯಾಕಂದ್ರ ನಮ್ಮ ಬಲಿಪೂಜಿನೂ ಹಂಗ ಐತಲ್ರಿ. ಪೂಜಿಯಾಗ ತಗೊಳ್ಳೋ ಪರಮಪ್ರಸಾದಕ್ಕ ಯೂಕರಿಸ್ಟ್ ಅಂತಾರ, ಅದು ಗ್ರೀಕ್ ಮಾತು, ಅರ್ಥ ಕೃತಜ್ಞತೆ. ಇನ್ನ ಹಳೇ ಲ್ಯಾಟಿನ್ ಪೂಜಿಯಾಗ ಕಡೀಕ "ಇತೆ, ಮಿಸ್ಸಾ ಎಸ್ತ್" ಅಂತಿದ್ರು, ಅಂದ್ರ ಹೋಗ್ರಿ, ನಿಮ್ಮನ್ನ ಕಳಿಸೇವಿ ಅಂದಂಗ, ಅದರಾಗಿಂದನ ಮಾಸ್ ಅನ್ನೋ ಹೆಸರು ಬಂತು, ನಮ್ಮ ಕೊಂಕಣಿ ಮಂದಿ ಮೀಸ್ ಅಂತಾರಲ್ಲ ಅದೂ ಇದ. ಒಂದ ಹೆಸರು ಥ್ಯಾಂಕ್ಸ್ ಹೇಳಾಕ ಬಾ ಅಂತೈತಿ, ಇನ್ನೊಂದ ಹೆಸರು ಹೋಗಿ ಕೆಲಸ ನೋಡು ಅಂತೈತಿ. ನಾವು ಎರಡರ ನಡುವ ಪಾರ್ಕಿಂಗ್‌ನ್ಯಾಗ ಗಾಡಿ ತೆಗಿಯೂ ಜಗಳದಾಗ ಇರ್ತೇವಿ.

ನಮಗ ಸಿಕ್ಕಿದ್ದು ಎಷ್ಟೈತಿ ಅಂತ ಒಂದೀಟ ಲೆಕ್ಕಾ ಹಾಕ್ರಿ. ಬೆಳಗಾವಿ ಧರ್ಮಪ್ರಾಂತ್ಯ, ಅಂದ್ರ ಒಬ್ಬ ಬಿಷಪ್ಪರ ಕೈಕೆಳಗಿನ ಸೀಮಿ, ಆಗಿದ್ದು 1953ರಾಗ, ಅದಕ್ಕಿಂತ ಮೊದಲ ಈ ಸೀಮಿ ಗೋವಾ ಮತ್ತ ಪುಣೆ ಧರ್ಮಪ್ರಾಂತ್ಯಗಳ ಕೆಳಗ ಇತ್ತು. ಬೆಳಗಾವಿ ಕ್ಯಾಂಪಿನ ಸೇಂಟ್ ಪಾಲ್ಸ್ ಸಾಲಿ 1856ರದ್ದು. ಆಮ್ಯಾಲ ಬೈಲಹೊಂಗಲ ಕಡೆ ದೇಶನೂರಿಗೆ ಹೋಗಿ ನೋಡ್ರಿ, ಜೆಸ್ವಿಟ್ ಗುರುಗಳು ಕಾವಿ ಉಟ್ಟು, ಮಾಂಸ ಬಿಟ್ಟು, ವಿರಕ್ತಮಠ ಕಟ್ಟಕೊಂಡು ಹಳ್ಳಿ ಮಂದಿ ನಡುವ ಬಾಳ್ವಿ ಮಾಡ್ಯಾರ. ರೊಟ್ಟಿ ತಿನ್ನೂದ್ರಿಂದ ಹಿಡಿದು ಮಾತಿನ ತನಕ ನಮ್ಮವರಂಗ ಆಗಾಕ ಅವ್ರು ಏನೇನ್ ಬಿಟ್ಟಿರಬೇಕು. ಇದ್ಯಾವುದಕ್ಕೂ ನಾವು ಒಂದ ಇಟ್ಟಂಗಿ ಹೊತ್ತಿಲ್ಲ. ಕುಂತು ಉಣ್ಣಾಕತ್ತೇವಿ ಅಷ್ಟ.

ಹಂಗಂತ ಸಾಲಾ ತೀರಿಸ್ರಿ ಅಂತ ನಾನು ಹೇಳಾಕತ್ತಿಲ್ಲ. ಇಲ್ಲೇ ನಾವು ಎಡವೂದು. ನಮ್ಮಾಗ ಭಾಳ ಮಂದಿಗೆ ದೇವರ ಜೋಡಿ ಖಾತೆ ಐತಿ, ಹರಕಿ ಹೊತ್ತಿದ್ವಿ, ಮಗಗ ನೌಕರಿ ಆತು, ಐದ ಕೆಜಿ ಮೇಣದಬತ್ತಿ ಕೊಟ್ವಿ, ಲೆಕ್ಕಾ ಚುಕ್ತಾ. ದೇವರೇನ್ ಸೊಸೈಟಿ ಸೆಕ್ರೆಟರಿ ಏನ್ರಿ ಬಡ್ಡಿ ತಗೊಳ್ಳಾಕ? ಪೂಜಿ ಪುಸ್ತಕದಾಗ ಒಂದ ಪ್ರಾರ್ಥನಿ ಐತಿ, ನಮ್ಮ ಸ್ತುತಿಯಿಂದ ನಿನಗೇನೂ ಕೂಡೂದಿಲ್ಲ, ನಾವು ಕೃತಜ್ಞತಾ ಹೇಳೂದೂ ನೀನ ಕೊಟ್ಟಿದ್ದು ಅನ್ನೋ ಅರ್ಥದ್ದು. ಹಂಗಾದ್ರ ನಮ್ಮ ಥ್ಯಾಂಕ್ಸ್ ಎಲ್ಲಿ ಹೋಗಬೇಕು? ಬಾಜೂಕ ಕುಂತಾವ್ರ ಕಡೆ ಹೋಗಬೇಕು, ಬ್ಯಾರೆ ಹಾದಿ ಇಲ್ಲ.

ಬಾಯಿಲೆ ಇದನ್ನೆಲ್ಲಾ ಹೇಳೂದು ಸಸಾರ ಐತಿ, ನಾನ ಕಲಿತಿದ್ದು ತಡಾಗಿ. 2019ರ ಆಗಸ್ಟ್, ಘಟಪ್ರಭಾ ತುಂಬಿ ಗೋಕಾಕಿನ ಅರ್ಧ ಊರಿಗೆ ನೀರು ಹೊಕ್ಕಿತ್ತಲ್ಲ, ಆವಾಗ ನಾವೊಂದ ಎಂಟ ಮಂದಿ ಟೆಂಪೋದಾಗ ಹಾಸಿಗಿ, ಕಟಕ ರೊಟ್ಟಿ, ಶೇಂಗಾ ಚಟ್ನಿ ಹೇರಕೊಂಡು ಹೋಗಿದ್ವಿ. ಒಂದ ಸಾಲ್ಯಾಗ ಮಂದೀನ ಇಟ್ಟಿದ್ರು. ನಾನು ಒಬ್ಬ ಮುದುಕಿಗೆ ಎರಡ ಕಂಬಳಿ ಕೊಟ್ಟೆ, ಕೊಟ್ಟಾಂವ ಸುಮ್ಕ ಬರಲಿಲ್ಲ, ವಾಟ್ಸಾಪ್ ಗ್ರೂಪಿಗೆ ಹಾಕಾಕ ಬೇಕು ಅಂತ "ಆಯಿ, ಇತ್ಲಾಗ ನೋಡ್ರಿ" ಅಂತ ಮೊಬೈಲ್ ಎತ್ತಿದೆ. ಆಯಿ ನನ್ನ ಕಡೆ ನೋಡಲೇ ಇಲ್ಲ. ಮ್ಯಾಲಿನ ಕಂಬಳಿ ತಗದು, ಮಡಚಿದ್ದು ಮಡಚಿದಂಗ ನನ್ನ ಕೈಯಾಗ ಹೊಳ್ಳಿ ಇಟ್ಲು. "ನನಗ ಒಂದ ಸಾಕೋ ಯಪ್ಪಾ, ಆ ಮೂಲ್ಯಾಗ ಬಾಣಂತಿ ಅದಾಳ, ಅಕಿಗೆ ಕೊಡು, ಕೂಸು ರಾತ್ರೆಲ್ಲಾ ಅತ್ತೈತಿ." ಆಯಿ ಮನಿ ನೀರಾಗ ಹೋಗಿತ್ತು. ಉಟ್ಟ ಸೀರಿ ಇನ್ನೂ ಹಸಿ ಇತ್ತು. ಕಂಬಳಿ ಕೈಗೆ ಬಂದ ಒಂದ ನಿಮಿಷದಾಗ ಅಕಿಗೆ ಬಾಣಂತಿ ನೆನಪಾದ್ಲು, ನನಗ ಫೋಟೋ ನೆನಪಾಗಿತ್ತು. ಅಕಿ ನಮ್ಮ ಧರ್ಮದಾಕಿನೂ ಅಲ್ಲ. ಆ ಸಮಾರಿಯಾದಾಂವನ ಕಥಿ ನನಗ ಪೂರಾ ತಿಳಿದಿದ್ದು ಅವತ್ತ.

ರೂಲ್ ಬೇಕು ಅನ್ನಾವ್ರಿಗೆ ರೂಲೂ ಐತಿ. ನಮ್ಮ ಕಥೋಲಿಕ ಧರ್ಮಸಭೆಯ 1983ರ ಕಾನೂನಿನ 222ನೇ ಕಲಮು, ಧರ್ಮಸಭೆಯ ಖರ್ಚಿಗೆ ವಿಶ್ವಾಸಿಗಳು ಕೈ ಕೂಡಿಸಬೇಕು, ಸಾಮಾಜಿಕ ನ್ಯಾಯಕ್ಕ ದುಡಿಬೇಕು, ತಮ್ಮ ದುಡಿಮ್ಯಾಗಿಂದ ಬಡವರಿಗೆ ಕೊಡಬೇಕು ಅಂತೈತಿ. 537ನೇ ಕಲಮು ಪ್ರತಿ ಧರ್ಮಕೇಂದ್ರಕ್ಕೂ, ಅಂದ್ರ ಪ್ರತಿ ಪ್ಯಾರಿಷ್‌ಗೂ, ಹಣಕಾಸು ಸಮಿತಿ ಇರಬೇಕು ಅಂತೈತಿ. ಅಂದ್ರ ಕೊಡೂದು ಅಷ್ಟ ಅಲ್ಲ, ಲೆಕ್ಕಾ ಕೇಳೂದೂ ನಮ್ಮ ಕೆಲಸ, ಹಾಲ್ ಹೊರಗ ನಿಂತು ಗುಸುಗುಸು ಮಾತಾಡೂದಲ್ಲ, ಮೀಟಿಂಗಿಗೆ ಬಂದು ಎದ್ದು ನಿಂತು ಕೇಳೂದು. ಫಾದರ್ ನಗಾಕತ್ತಾರ ನೋಡ್ರಿ.

ಚೀಲ ಹಿಡಕೊಂಡು ಬರಬೇಕಾದ್ರ ನನಗ ಕೈ ಕಾಣ್ತಾವ, ಮುಖ ಕಾಣೂದಿಲ್ಲ. ಮುಷ್ಟಿ ಬಿಗಿಹಿಡಿದ ಹಾಕೂ ಕೈ, ಕೂಸಿನ ಕೈಯಾಗ ಕಾಯಿನ್ ಕೊಟ್ಟು ತಾಯಿ ಹಿಡಿದಿರೋ ಕೈ, "ಅಂಕಲ್ ಕ್ಯೂಆರ್ ಕೋಡ್ ಇಲ್ಲೇನ್ರಿ" ಅನ್ನೋ ಹುಡುಗರ ಮೊಬೈಲ್ ಇದ್ದ ಕೈ. ಒಂದ ಕೈ ಐತಿ, ಸುಣ್ಣಾ ಹಚ್ಚೂ ಕೆಲಸದ್ದು, ಉಗರಾಗ ಬಿಳೇದು ಹೋಗೂದ ಇಲ್ಲ. ಆ ಅಣ್ಣಾ ರೊಕ್ಕಾ ಇಲ್ಲದ ವಾರ ಚೀಲ ಮುಟ್ಟಿ ಹಣಿಗೆ ಹಚ್ಚಕೋತಾನ, ಶನಿವಾರ ಬಂದು ಗುಡಿ ಹಿಂದಿನ ಗಟಾರ ಬಳದು ಹೋಗ್ತಾನ, ಯಾರಿಗೂ ಹೇಳೂದಿಲ್ಲ. ಈಗ ನಾನ ಹೇಳಿದೆ ಅಂತ ಅಂವ ಸಿಟ್ಟಾಗ್ತಾನ, ಆಗ್ಲಿ.

ಆತ್ರಿ, ಚಹಾ ಆರಾಕತ್ತೈತಿ. ಶನಿವಾರದ ಸ್ವಚ್ಛತಾ ಕೆಲಸಕ್ಕ, ಆಮ್ಯಾಲ ದವಾಖಾನಿಯೊಳಗ ಒಬ್ಬೊಬ್ಬರ ಬಿದ್ದಿರೋ ಪೇಶಂಟ್‌ಗೋಳ ಹತ್ರ ಕುಂದ್ರಾಕ ಹೆಸರು ಬರಿಯೂ ಪಟ್ಟಿ ಬಾಗಲದ ಹತ್ರ ಟೇಬಲ್ ಮ್ಯಾಲ ಐತಿ. ಪೆನ್ನು ಈ ಸಲ ದಾರಾ ಹಾಕಿ ಕಟ್ಟೇನಿ, ಹೋದ ಸಲ ಯಾರೋ ಹೆಸರು ಬರಿಲಾರದನ ಪೆನ್ ಒಯ್ದಾರ.