ಅಕ್ಕ ತಂಗಿಯ ಎರಡು ಸ್ವರ

ಕೇಳುಗರಿಗೆ ನಮಸ್ಕಾರ.

ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ ದಕ್ಷಿಣಕ್ಕಿರುವ ಎನ್‌ಶೇಡೆ ಬಡಾವಣೆಯ ಕ್ಲಾರಾ ಸೋಡರ್‌ಬರ್ಗ್ ಎಂಬ ಹುಡುಗಿ ಹದಿಮೂರರ ವಯಸ್ಸಿನಲ್ಲಿ ನಿಘಂಟು ತಿರುವಿ ಒಂದು ಹೆಸರನ್ನು ಆರಿಸಿಟ್ಟುಕೊಂಡಳು, ಮುಂದೆ ಅಕ್ಕನ ಜೊತೆ ಹಾಡುವ ತಂಡಕ್ಕೆ ಅದೇ ಹೆಸರಾಯಿತು: ಫಸ್ಟ್ ಏಡ್ ಕಿಟ್. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ! ಹಾಡುವವರಿಗೆ ಇದೆಂಥ ಹೆಸರು ಎಂದು ನಾನೂ ನಕ್ಕಿದ್ದೆ, ಹಾಡು ಕೇಳುವ ತನಕ.

2008ರಲ್ಲಿ ಕ್ಲಾರಾಗೆ ಹದಿನೈದು, ಅಕ್ಕ ಯೊಹಾನ್ನಾಗೆ ಹದಿನೇಳು. ಫ್ಲೀಟ್ ಫಾಕ್ಸಸ್ ಎಂಬ ಅಮೆರಿಕದ ತಂಡದ ಹಾಡೊಂದನ್ನು ಇಬ್ಬರೂ ಕಾಡಿನ ಮರಗಳ ನಡುವೆ ಹಾಡಿ ಯೂಟ್ಯೂಬ್‌ಗೆ ಹಾಕಿದರು. ಜೊತೆಗಿದ್ದದ್ದು ಒಂದು ಗಿಟಾರ್. ಆ ವೀಡಿಯೊ ಊರೂರು ಸುತ್ತಿತು.

ನಮ್ಮ ಸಂಗೀತದಲ್ಲಿ ಇಬ್ಬರು ಜೊತೆಗೂಡಿ ಹಾಡಿದರೆ ಸಾಮಾನ್ಯವಾಗಿ ಒಂದೇ ಸ್ವರವನ್ನು ಹಿಡಿಯುತ್ತಾರೆ. ಇಲ್ಲಿ ಹಾಗಲ್ಲ. ಒಬ್ಬಳು ಒಂದು ಸ್ವರದಲ್ಲಿದ್ದರೆ ಇನ್ನೊಬ್ಬಳು ಅದೇ ಗಳಿಗೆಯಲ್ಲಿ ಬೇರೊಂದು ಸ್ವರ ಹಿಡಿದಿರುತ್ತಾಳೆ. ಉಚ್ಚಾರ ಒಂದೇ, ಉಸಿರು ತೆಗೆದುಕೊಳ್ಳುವ ಜಾಗವೂ ಒಂದೇ. ಇದು ತಾಲೀಮಿನಿಂದಷ್ಟೇ ಬರುವಂಥದ್ದಲ್ಲ, ಒಂದೇ ಅಡುಗೆಮನೆಯಲ್ಲಿ ಜಗಳವಾಡಿ ಬೆಳೆದವರಿಗೆ ಒಲಿಯುವಂಥದ್ದು.

ಅಪ್ಪ ಒಂದು ಕಾಲಕ್ಕೆ ರಾಕ್ ತಂಡದಲ್ಲಿದ್ದವರು. 2010ರ ಮೊದಲ ಪೂರ್ಣ ಆಲ್ಬಂ ನಿರ್ಮಿಸಿದವರೂ ಅವರೇ. ಮುಂದಿನದು, 2012ರ ‘ದ ಲಯನ್ಸ್ ರೋರ್’, ಅಮೆರಿಕದ ಒಮಾಹಾದಲ್ಲಿ ಮೈಕ್ ಮೋಗಿಸ್ ಕೈಯಲ್ಲಿ ತಯಾರಾಯಿತು. ಮೋಗಿಸ್ ಬ್ರೈಟ್ ಐಸ್ ತಂಡದವರು. ಹನ್ನೆರಡರ ಕ್ಲಾರಾಗೆ ಹಾಡಿನ ಹುಚ್ಚು ಹಿಡಿಸಿದ್ದು ಅದೇ ತಂಡ.

ಆ ಆಲ್ಬಂನಲ್ಲಿ ‘ಎಮಿಲೂ’ ಎಂಬ ಹಾಡಿದೆ. ಅಮೆರಿಕದ ಕಂಟ್ರಿ ಗಾಯಕ ಗ್ರಾಮ್ ಪಾರ್ಸನ್ಸ್ ಜೊತೆ ಎರಡನೆಯ ದನಿಯಾಗಿ ಹಾಡುತ್ತಿದ್ದ ಎಮಿಲೂ ಹ್ಯಾರಿಸ್ ಅವರನ್ನು ನೆನೆಯುವ ಹಾಡು. ನಿನ್ನಿಂದ ಹೆಚ್ಚೇನೂ ಕೇಳುವುದಿಲ್ಲ, ಜೊತೆಗೆ ಹಾಡಿದರೆ ಸಾಕು ಎಂಬ ಧಾಟಿ ಅದರದು. 2011ರಲ್ಲಿ ಸ್ಟಾಕ್‌ಹೋಮ್‌ನ ಪೋಲಾರ್ ಸಂಗೀತ ಪ್ರಶಸ್ತಿ ಸಮಾರಂಭದಲ್ಲಿ ಈ ಅಕ್ಕ ತಂಗಿ ಅಮೆರಿಕದ ಗಾಯಕಿ ಪ್ಯಾಟಿ ಸ್ಮಿತ್ ಎದುರು ಪ್ಯಾಟಿಯ ಹಾಡನ್ನೇ ಹಾಡಿದಾಗ ಆಕೆ ಕಣ್ಣೀರು ಒರೆಸಿಕೊಂಡಿದ್ದರು. 2015ರಲ್ಲಿ ಅದೇ ಪ್ರಶಸ್ತಿ ಎಮಿಲೂ ಹ್ಯಾರಿಸ್‌ಗೆ ಬಂತು. ವೇದಿಕೆಯ ಮೇಲೆ ಮತ್ತೆ ಇದೇ ಅಕ್ಕ ತಂಗಿ. ಹಾಡಿದ್ದು ತಮ್ಮ ‘ಎಮಿಲೂ’ವನ್ನಲ್ಲ, ಎಮಿಲೂ ಅವರದೇ ‘ರೆಡ್ ಡರ್ಟ್ ಗರ್ಲ್’ ಅನ್ನು. ಅವರ ಔಚಿತ್ಯಪ್ರಜ್ಞೆಯನ್ನು ಮೆಚ್ಚಬೇಕು.

ವರ್ಷಗಟ್ಟಲೆ ಊರಿಂದೂರಿಗೆ ತಿರುಗಿ ಇಬ್ಬರೂ ದಣಿದರು. ತಂಗಿ ಕೆಲಕಾಲ ಮ್ಯಾಂಚೆಸ್ಟರ್‌ನಲ್ಲಿದ್ದರು. ಅಲ್ಲಿಯ ಪ್ರೇಮ ಮುರಿದ ಮೇಲೆ ಹುಟ್ಟಿದ್ದು 2018ರ ‘ರೂಯಿನ್ಸ್’. ಹೆಸರೇ ಹೇಳುವಂತೆ, ಅವಶೇಷಗಳು. 2022ರ ‘ಪಾಲೊಮಿನೊ’ವನ್ನು ಮತ್ತೆ ಸ್ವೀಡನ್ನಿನಲ್ಲೇ ಧ್ವನಿಮುದ್ರಿಸಿದರು. ಅದರಲ್ಲಿ ಬೆಳಕು ಹೆಚ್ಚು. ನನಗೇನೋ ‘ರೂಯಿನ್ಸ್’ ಮೇಲೆಯೇ ಮನಸ್ಸು.

ಈಗ ‘ಎಮಿಲೂ’ ಕೇಳಿಸುತ್ತೇನೆ. ಮೊದಲು ಒಂದೇ ದನಿ ಎನಿಸಬಹುದು. ಅದರ ಜೊತೆಗೆ ಯೊಹಾನ್ನಾ ಯಾವಾಗ ಬಂದು ಸೇರಿಕೊಂಡರು ಎಂಬುದನ್ನು ಹುಡುಕಿ ನೋಡಿ.