ಎರಡೂ ಉತ್ತರ ಸರಿ, ಕೈಪಿಡಿ ಏನು ಹೇಳುತ್ತದೆ?

ಕೇಳುಗರಿಗೆಲ್ಲ ನಮಸ್ಕಾರ.

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಪೆನ್ನು ಕೈಗೆ ಸಿಕ್ಕರೆ ಬರೆದುಕೊಳ್ಳಿ. 2, 4, 4, 4, 5, 5, 7, 9. ಒಟ್ಟು 8 ಅಂಕಿಗಳು, ಸರಾಸರಿ 5. ಈ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿಕೊಂಡಿವೆ? ಅದನ್ನು ಅಳೆಯುವುದಕ್ಕೆ ಮಾನಕ ವಿಚಲನೆ ಅಂತ ಒಂದು ಲೆಕ್ಕ ಇದೆ, ಶಾಲೆಯಲ್ಲಿ ಮಾಡಿರುತ್ತೀರಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲೆಕ್ಕ ಮಾಡಲು ಬಳಸುವ ನಮ್‌ಪೈ ಅನ್ನುವ ತಂತ್ರಾಂಶಕ್ಕೆ ಈ ಅಂಕಿಗಳನ್ನು ಕೊಟ್ಟು ಕೇಳಿದರೆ 2 ಅನ್ನುತ್ತದೆ. ಅದೇ ಪೈಥಾನ್‌ನಲ್ಲೇ ಇರುವ ಪಾಂಡಾಸ್ ಎಂಬ ಇನ್ನೊಂದು ತಂತ್ರಾಂಶಕ್ಕೆ ಕೇಳಿದರೆ 2.138 ಅನ್ನುತ್ತದೆ.

ಯಾವುದು ತಪ್ಪು? ಯಾವುದೂ ಅಲ್ಲ. ಸರಾಸರಿಯಿಂದ ಇರುವ ದೂರಗಳ ವರ್ಗಗಳನ್ನು ಕೂಡಿ ಬಂದದ್ದನ್ನು ಒಂದು 8ರಿಂದ ಭಾಗಿಸಿತು, ಇನ್ನೊಂದು 7ರಿಂದ ಭಾಗಿಸಿತು. ನಿಮ್ಮ ಹತ್ತಿರ ಇರುವುದು ಇಡೀ ಗುಂಪೇ ಆಗಿದ್ದರೆ 8 ಸರಿ. ದೊಡ್ಡ ಗುಂಪಿನಿಂದ ತೆಗೆದ ಮಾದರಿ ಆಗಿದ್ದರೆ 7 ಸರಿ. ನಾವು ಏನೂ ಹೇಳದೆ ಇದ್ದಾಗ ತಂತ್ರಾಂಶ ತನ್ನ ರೂಢಿಯಂತೆ ಒಂದನ್ನು ಆರಿಸಿಕೊಳ್ಳುತ್ತದೆ. ಪರದೆಯ ಮೇಲೆ ಎಚ್ಚರಿಕೆ ಇಲ್ಲ, ಕೆಂಪು ಅಕ್ಷರ ಇಲ್ಲ. ಸುಮ್ನೆ ಒಂದು ಅಂಕಿ ಬರುತ್ತದೆ. ರೂಢಿ ಏನು ಅನ್ನುವುದು ಗೊತ್ತಾಗಬೇಕಾದರೆ ಆ ತಂತ್ರಾಂಶದ ಡಾಕ್ಯುಮೆಂಟೇಶನ್, ಅಂದರೆ ಕೈಪಿಡಿಯ ಪುಟ ತೆಗೆದು ಓದಬೇಕು.

ವಿಜ್ಞಾನದ ತಂತ್ರಾಂಶಕ್ಕೂ ಬೇರೆ ತಂತ್ರಾಂಶಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ ಇದೆ. ಮೊಬೈಲ್‌ನಲ್ಲಿ ಟಿಕೆಟ್ ಬುಕ್ ಆಗಲಿಲ್ಲ ಅಂದರೆ ತಕ್ಷಣ ಗೊತ್ತಾಗುತ್ತದೆ. ಲೆಕ್ಕ ಬೇರೆ ಅರ್ಥದಲ್ಲಿ ನಡೆದರೆ ಗೊತ್ತಾಗುವುದೇ ಇಲ್ಲ. ಅದು ಪ್ರಬಂಧದಲ್ಲಿ ಅಚ್ಚಾಗುತ್ತದೆ, ಇನ್ನೊಬ್ಬರು ಅದನ್ನೇ ನಂಬಿ ಮುಂದೆ ಹೋಗುತ್ತಾರೆ. ಹಾಗಾಗಿ ಇಲ್ಲಿ ಕೈಪಿಡಿ ಅಂದರೆ ಅಲಂಕಾರ ಅಲ್ಲ, ತಂತ್ರಾಂಶದ್ದೇ ಒಂದು ಭಾಗ.

ಆದರೂ ಅದು ಯಾವಾಗಲೂ ಕೊನೆಗೇ ಉಳಿಯುವ ಕೆಲಸ. ನಮ್‌ಪೈ ಕಥೆಯನ್ನೇ ನೋಡಿ. 1.0 ಆವೃತ್ತಿ ಬಂದದ್ದು 2006ರಲ್ಲಿ. ಕೆಲಸ ಚೆನ್ನಾಗಿ ಮಾಡುತ್ತಿತ್ತು, ವಿವರಣೆ ಮಾತ್ರ ಬಹಳ ಕಡೆ ತೆಳ್ಳಗಿತ್ತು. ಅಮೆರಿಕದ ಸೆಂಟ್ರಲ್ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಜೋ ಹ್ಯಾರಿಂಗ್ಟನ್ ಎಂಬ ಖಗೋಳ ವಿಜ್ಞಾನಿ ಅದನ್ನು ಪಾಠಕ್ಕೆ ಬಳಸಿದರು. ವಿದ್ಯಾರ್ಥಿಗಳಿಗೆ ಓದಲು ಸರಿಯಾದ ಪುಟಗಳೇ ಇರಲಿಲ್ಲ. 2008ರಲ್ಲಿ ಅವರು ಇದಕ್ಕೆಂದೇ ಒಂದು ಅಭಿಯಾನ ಹೂಡಿದರು. ಒಂದೊಂದು ಫಂಕ್ಷನ್‌ನ, ಅಂದರೆ ಒಂದು ಕೆಲಸ ಮಾಡಿಕೊಡುವ ಕೋಡ್ ತುಣುಕಿನ, ವಿವರಣೆಯನ್ನೂ ಯಾರು ಬೇಕಾದರೂ ಬ್ರೌಸರ್‌ನಲ್ಲೇ ತಿದ್ದಬಹುದಿತ್ತು, ಬಲ್ಲವರು ನೋಡಿ ಒಪ್ಪಿದ ಮೇಲೆ ಅದು ತಂತ್ರಾಂಶದೊಳಗೆ ಸೇರುತ್ತಿತ್ತು. ಚೆನ್ನಾಗಿ ಬರೆದವರಿಗೆ ಟೀ ಶರ್ಟ್! ನಗು ಬರಬಹುದು. ಆದರೆ ಇಂಥ ಕೆಲಸಕ್ಕೆ ಅಷ್ಟಾದರೂ ಕೊಟ್ಟವರು ಕಡಿಮೆ.

ಅಲ್ಲಿ ಒಂದು ಮಾತು ಗಮನಿಸಿ. ತಿದ್ದಿದ್ದು ‘ತಂತ್ರಾಂಶದೊಳಗೆ’ ಸೇರುತ್ತಿತ್ತು. ವಿವರಣೆ ಎಲ್ಲೋ ಬೇರೆ ಕಡತದಲ್ಲಿ ಕೂರುವುದಿಲ್ಲ. ಫಂಕ್ಷನ್ ಬರೆದಿರುವ ಜಾಗದಲ್ಲೇ, ಅದರ ತಲೆಯಡಿ ಇರುತ್ತದೆ. ಅದಕ್ಕೆ ಡಾಕ್‌ಸ್ಟ್ರಿಂಗ್ ಅನ್ನುತ್ತಾರೆ. ಕೋಡ್ ಬದಲಾಯಿಸುವವರ ಕಣ್ಣಿಗೆ ಅದು ಬಿದ್ದೇ ಬೀಳುತ್ತದೆ. ಆಮೇಲೆ ಸ್ಫಿಂಕ್ಸ್ ಎಂಬ ಸಾಧನ ಅದನ್ನೆಲ್ಲ ಎತ್ತಿಕೊಂಡು, ಬೇರೆಯಾಗಿ ಬರೆದ ಪಾಠಗಳ ಜೊತೆ ಹೆಣೆದು, ಹುಡುಕಲು ಬರುವಂಥ ವೆಬ್‌ಸೈಟ್ ಮಾಡಿಕೊಡುತ್ತದೆ. ಗೆಯಾರ್ಗ್ ಬ್ರಾಂಡ್ಲ್ ಇದನ್ನು ಪೈಥಾನ್‌ನ ಸ್ವಂತ ಕೈಪಿಡಿಗಾಗಿ ಮಾಡಿ 2008ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. 2010ರಲ್ಲಿ ರೀಡ್ ದ ಡಾಕ್ಸ್ ಎಂಬ ವೆಬ್ ಸೇವೆ ಬಂತು. ಕೋಡ್ ಬದಲಾದಾಗೆಲ್ಲ ಅದು ಸೈಟನ್ನು ತಾನೇ ಹೊಸದಾಗಿ ಕಟ್ಟುತ್ತದೆ, ಹಳೆಯ ಆವೃತ್ತಿಗಳ ಪುಟಗಳನ್ನೂ ಪಕ್ಕದಲ್ಲಿ ಉಳಿಸಿಕೊಳ್ಳುತ್ತದೆ. ಮುಕ್ತ ತಂತ್ರಾಂಶಗಳಿಗೆ, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವಂಥವಕ್ಕೆ, ಇದು ಉಚಿತ.

ಸೈಟ್ ಕಟ್ಟುವುದು ಹೀಗೆ ಸುಲಭವಾಯಿತು. ಒಂದು ಮಧ್ಯಾಹ್ನದ ಕೆಲಸ. ಅದನ್ನು ಜೀವಂತವಾಗಿ ಇಟ್ಟುಕೊಳ್ಳುವುದೇ ಕಷ್ಟ. ಯಾಕೆಂದರೆ ಕೈಪಿಡಿಯ ಪುಟವನ್ನು ಯಾರೂ ಮುಟ್ಟದಿದ್ದರೂ ಅದು ಹಳತಾಗುತ್ತದೆ. ಅದರ ಕೆಳಗಿನ ನೆಲ ಸರಿಯುತ್ತಿರುತ್ತದೆ.

ನಮ್‌ಪೈಯಲ್ಲಿ ಪೂರ್ಣಾಂಕಕ್ಕೆ ‘ಎನ್‌ಪಿ ಡಾಟ್ ಇಂಟ್’ ಅಂತ ಬರೆಯುವ ಅಭ್ಯಾಸ ಇತ್ತು. ನೂರಾರು ಪಾಠಗಳಲ್ಲಿ ಹಾಗೇ ಇತ್ತು. 2021ರ 1.20 ಆವೃತ್ತಿ ‘ಇದನ್ನು ಬಿಡಿ’ ಅಂತ ಎಚ್ಚರಿಸಿತು. 2022ರ ಕೊನೆಯಲ್ಲಿ ಬಂದ 1.24 ಅದನ್ನು ತೆಗೆದೇ ಹಾಕಿತು. ಈಗ ಹಳೆಯ ಪಾಠ ನೋಡಿ ಟೈಪ್ ಮಾಡಿದ ವಿದ್ಯಾರ್ಥಿನಿಗೆ ಸಿಗುವುದು ದೋಷದ ಸಂದೇಶ. ಆ ಹುಡುಗಿ ತನ್ನದೇ ತಪ್ಪು ಅಂದುಕೊಳ್ಳುತ್ತಾಳೆ, ಅಲ್ವಾ? ಪುಟದ ಮೇಲೆ ‘ಇದು ಇಂಥ ಆವೃತ್ತಿಗೆ ಬರೆದದ್ದು’ ಅಂತ ಒಂದು ಸಾಲು ಇದ್ದಿದ್ದರೆ ಅರ್ಧ ದಿನ ಉಳಿಯುತ್ತಿತ್ತು.

ಇದಕ್ಕೆ ಒಂದು ಒಳ್ಳೆಯ ಉಪಾಯ ಇದೆ. ಕೈಪಿಡಿಯಲ್ಲಿ ಕೊಟ್ಟ ಉದಾಹರಣೆಗಳನ್ನು ಕಂಪ್ಯೂಟರೇ ಓಡಿಸಿ ನೋಡುತ್ತದೆ. ಬಂದ ಉತ್ತರವೂ ಪುಟದಲ್ಲಿ ಅಚ್ಚಾದ ಉತ್ತರವೂ ಒಂದೇ ಆಗಿರಬೇಕು, ಇಲ್ಲವಾದರೆ ದೂರು ಕೊಡುತ್ತದೆ. ಪೈಥಾನ್‌ನಲ್ಲಿ ಇದರ ಹೆಸರು ಡಾಕ್‌ಟೆಸ್ಟ್, ಟಿಮ್ ಪೀಟರ್ಸ್ ಬರೆದದ್ದು. ಅದು ಎಷ್ಟು ಕಟ್ಟುನಿಟ್ಟು ಅಂದರೆ ಲೆಕ್ಕ ಸರಿ ಇದ್ದರೂ ಅಕ್ಷರ ಬೇರೆಯಾದರೆ ಬಿಡುವುದಿಲ್ಲ. ಜೂನ್ 2024ರಲ್ಲಿ ನಮ್‌ಪೈ 2.0 ಬಂದಾಗ ಆದದ್ದು ಅದೇ. ಮೊದಲು ಬರೀ 3.0 ಅಂತ ತೋರಿಸುತ್ತಿದ್ದ ಕಡೆ, ಅದು ಯಾವ ಬಗೆಯ ಅಂಕಿ ಅನ್ನುವ ಹೆಸರನ್ನೂ ಸೇರಿಸಿ ತೋರಿಸತೊಡಗಿತು. ಮೌಲ್ಯ ಅದೇ, ಬರೆಯುವ ರೀತಿ ಬೇರೆ. ನಮ್‌ಪೈ ನಂಬಿಕೊಂಡ ಎಷ್ಟೋ ತಂತ್ರಾಂಶಗಳ ಕೈಪಿಡಿಗಳಲ್ಲಿ ಉದಾಹರಣೆಗಳು ಒಟ್ಟಿಗೇ ‘ಫೇಲ್’ ಆದವು. ತಿದ್ದುತ್ತಾ ಕೂತವರು ಬೈದುಕೊಂಡಿರಬೇಕು. ನನ್ನನ್ನು ಕೇಳಿದರೆ ಆ ಕಿರಿಕಿರಿಯೇ ಮೇಲು. ಓದುಗರಿಗಿಂತ ಮೊದಲು ಬರೆದವರಿಗೆ ಗೊತ್ತಾಯಿತಲ್ಲ.

ಯಂತ್ರ ಇಷ್ಟು ಮಾಡುತ್ತದೆ. 8ರಿಂದ ಭಾಗಿಸಬೇಕೋ 7ರಿಂದಲೋ, ಯಾವಾಗ, ಯಾಕೆ, ಇದನ್ನು ಅದು ಹೇಳಲಾರದು. ಅದಕ್ಕೆ ಮನುಷ್ಯರೇ ಕೂತು ಬರೆಯಬೇಕು. ಅದರಲ್ಲೂ ಹೊಸಬರಿಗೆ ಬೇಕಾದ ಪುಟ ಬೇರೆ, ಪಳಗಿದವರಿಗೆ ಬೇಕಾದದ್ದು ಬೇರೆ. ಊರಿಗೆ ಹೊಸದಾಗಿ ಬಂದವರ ಜೊತೆ ನಾಲ್ಕು ಹೆಜ್ಜೆ ನಡೆಯಬೇಕು. ದಿನಾ ಓಡಾಡುವವರಿಗೆ ಬಸ್ಸಿನ ವೇಳಾಪಟ್ಟಿ ಸಾಕು. ಎರಡನ್ನೂ ಒಂದೇ ಪುಟದಲ್ಲಿ ಕಲಸಿದರೆ ಇಬ್ಬರಿಗೂ ಉಪಯೋಗವಿಲ್ಲ. ನಮ್‌ಪೈ ತಂಡ ಇದನ್ನು ಒಪ್ಪಿಕೊಂಡು ಪಾಠ, ಮಾಡುವ ವಿಧಾನ, ಬೇಕಾದಾಗ ತೆಗೆದು ನೋಡುವ ಪರಾಮರ್ಶೆ, ವಿವರಣೆ ಅಂತ ತನ್ನ ಕೈಪಿಡಿಯನ್ನು ಬೇರೆ ಬೇರೆ ಮಾಡಲು ಹೊರಟಿತು.

ಇನ್ನು ಬರೆಯುವವರು ಯಾರು ಅನ್ನುವ ಪ್ರಶ್ನೆ. ವಿಜ್ಞಾನದ ತಂತ್ರಾಂಶ ಬಹಳ ಸಲ ಪಿಎಚ್‌ಡಿ ಮಾಡುವವರ ಕೈಯಲ್ಲಿ ಹುಟ್ಟುತ್ತದೆ. ಪ್ರಬಂಧ ಅಚ್ಚಾಗುತ್ತದೆ, ಅವರು ಕೆಲಸ ಹುಡುಕಿ ಹೋಗುತ್ತಾರೆ. ಸೈಟ್ ಅನಾಥ. ಪ್ರಬಂಧ ಬರೆದರೆ ಬಡ್ತಿಗೆ ಲೆಕ್ಕ, ಕೈಪಿಡಿ ತಿದ್ದಿದರೆ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಇದು ಸರಿಯಲ್ಲ ಅಂತ ಎಲ್ಲರೂ ಹೇಳುತ್ತಾರೆ, ನೇಮಕಾತಿ ಸಮಿತಿಯಲ್ಲಿ ಕೂತಾಗ ಮರೆಯುತ್ತಾರೆ. ಮಾರ್ಚ್ 10, 2018ರಂದು ಪಾಂಡಾಸ್ ತಂಡ ಒಂದು ಬೇರೆ ದಾರಿ ಹಿಡಿಯಿತು. ಜಗತ್ತಿನ ಹಲವು ನಗರಗಳಲ್ಲಿ ಒಂದೇ ದಿನ ಜನ ಸೇರಿ ಡಾಕ್‌ಸ್ಟ್ರಿಂಗ್ ತಿದ್ದಿದರು. ಪಾಂಡಾಸ್ ಬರೆದವರಷ್ಟೇ ಅಲ್ಲ, ಅದನ್ನು ಬಳಸುವವರೂ ಬಂದಿದ್ದರು. ಎಲ್ಲಿ ಅರ್ಥವಾಗುವುದಿಲ್ಲ ಅನ್ನುವುದು ಅವರಿಗೇ ಜಾಸ್ತಿ ಗೊತ್ತು.

ಕನ್ನಡದಲ್ಲಿ ಇಂಥದ್ದು ಏನಿದೆ ಅಂತ ಕೇಳುತ್ತೀರೇನೋ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲೆಕ್ಕಕ್ಕೆ ಬಳಸುವ ಸೈಲ್ಯಾಬ್, ಪೈಥಾನ್‌ನಂಥ ಮುಕ್ತ ತಂತ್ರಾಂಶಗಳ ಪಾಠಗಳು ಕನ್ನಡ ಧ್ವನಿಯಲ್ಲೂ ಇವೆ. ಚಿಕ್ಕ ಚಿಕ್ಕ ವಿಡಿಯೋಗಳು. ಪಾಠ ಶುರುವಾಗುವಾಗಲೇ ಯಾವ ಆಪರೇಟಿಂಗ್ ಸಿಸ್ಟಮ್, ತಂತ್ರಾಂಶದ ಯಾವ ಆವೃತ್ತಿ ಬಳಸುತ್ತಿದ್ದೇವೆ ಅಂತ ಹೇಳಿಬಿಡುತ್ತಾರೆ. ವಿಡಿಯೋದಲ್ಲಿ ಬರಹದ ಹಾಗೆ ಒಂದು ಸಾಲು ತಿದ್ದಲು ಆಗುವುದಿಲ್ಲ, ಮತ್ತೆ ರೆಕಾರ್ಡ್ ಮಾಡಬೇಕು. ನೋಡುವಾಗ ಮೊದಲು ಆ ಆವೃತ್ತಿಯ ಸಂಖ್ಯೆ ಗುರುತು ಹಾಕಿಕೊಳ್ಳಿ. ನಿಮ್ಮ ಕಂಪ್ಯೂಟರ್‌ನಲ್ಲಿ ಇರುವುದು ಬೇರೆಯಾಗಿದ್ದರೆ ತಂತ್ರಾಂಶದ ಈಗಿನ ಪುಟವನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಆ ಪುಟದ ಉದಾಹರಣೆಯೇ ಓಡದಿದ್ದರೆ ಎರಡು ಸಾಲಿನಲ್ಲಿ ಅವರಿಗೆ ಬರೆದು ತಿಳಿಸಿ. ಎಷ್ಟೋ ಸೈಟ್‌ಗಳಲ್ಲಿ ಅದಕ್ಕೆ ಪುಟದಲ್ಲೇ ಒಂದು ಕೊಂಡಿ ಇರುತ್ತದೆ.

ನಮಸ್ಕಾರ.